ಮರುಭೂಮಿಯ ನೀರಿನ ಲೆಕ್ಕ: ಬನ್ನಿ ಮರದಿಂದ ಮಂಜು ಕುಡಿಯುವ ಜೀರುಂಡೆಯವರೆಗೆ

ವಿಜಯದಶಮಿಯ ಸಂಜೆ ಉತ್ತರ ಕರ್ನಾಟಕದ ಊರುಗಳಲ್ಲಿ ಬನ್ನಿ ಮರಕ್ಕೆ ಪೂಜೆ ಸಲ್ಲಿಸಿ, ಅದರ ಎಲೆಗಳನ್ನು ಹಿರಿಯರ ಕೈಗಿತ್ತು ಕಾಲಿಗೆರಗಿ, ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಎಂದು ಹಾರೈಸುವುದು ನಮಗೆಲ್ಲ ಗೊತ್ತಿರುವ ಸಂಪ್ರದಾಯ. ಅಂಗೈಯಲ್ಲಿರುವ ಆ ಎಲೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ನಾವು ಎಲೆ ಎನ್ನುವುದು ನಿಜವಾಗಿ ಹತ್ತಾರು ಕಿರುಎಲೆಗಳ ಸಾಲು. ಒಂದೊಂದೂ ಅಕ್ಕಿಕಾಳಿಗಿಂತ ತುಸು ದೊಡ್ಡದು, ಅಷ್ಟೆ. ಕೊಂಬೆಯ ಮೇಲೆ ಅಲ್ಲಲ್ಲಿ ಮೊನಚಾದ ಸಣ್ಣ ಮುಳ್ಳುಗಳಿವೆ. ಇದೇ ಮರವನ್ನು ಥಾರ್ ಮರುಭೂಮಿಯಲ್ಲಿ ಖೇಜಡಿ ಎನ್ನುತ್ತಾರೆ. ಅದು ರಾಜಸ್ಥಾನದ ರಾಜ್ಯವೃಕ್ಷ. ದುಬೈ, ಅಬುಧಾಬಿಗಳಲ್ಲಿ ದುಡಿಯುತ್ತಿರುವ ಕನ್ನಡಿಗರು ಮರಳಿನ ನಡುವೆ ಕಾಣುವ ‘ಘಾಫ್’ ಕೂಡ ಇದೇ ಮರ; ಅದು ಸಂಯುಕ್ತ ಅರಬ್ ಎಮಿರೇಟ್ಸ್‌ನ ರಾಷ್ಟ್ರೀಯ ವೃಕ್ಷ. ನಮ್ಮ ಬಯಲುಸೀಮೆಯ ಹೊಲದ ಬದುವಿನಲ್ಲಿ ನಿಂತಿರುವ ಮರವೊಂದು ಅರೇಬಿಯದ ಮರಳಿನಲ್ಲೂ ಹಸಿರಾಗಿ ನಿಲ್ಲುವುದು ಹೇಗೆ? ಆ ಪುಟ್ಟ ಎಲೆ, ಆ ಮುಳ್ಳು, ಕಣ್ಣಿಗೆ ಕಾಣದ ಬೇರು ಇವೆಲ್ಲವೂ ಒಂದೇ ಲೆಕ್ಕಾಚಾರಕ್ಕೆ ಸೇರಿದವು: ಬರುವ ನೀರೆಷ್ಟು, ಹೋಗುವ ನೀರೆಷ್ಟು ಎಂಬ ಲೆಕ್ಕ. ಮರುಭೂಮಿಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಈ ಲೆಕ್ಕದಿಂದಲೇ ಆರಂಭಿಸಬೇಕು.

ಮರುಭೂಮಿ ಎಂದೊಡನೆ ಕಣ್ಣಮುಂದೆ ಬರುವುದು ಮರಳಿನ ದಿಬ್ಬ, ಸುಡುವ ಬಿಸಿಲು ಮತ್ತು ಒಂಟೆಗಳ ಸಾಲು. ಈ ಮೂರರಲ್ಲಿ ಯಾವುದೂ ಮರುಭೂಮಿಗೆ ಕಡ್ಡಾಯವಲ್ಲ. ಜಗತ್ತಿನ ಮರುಭೂಮಿಗಳಲ್ಲಿ ಮರಳು ಹಾಸಿರುವುದು ಸುಮಾರು ಐದನೇ ಒಂದು ಭಾಗದಲ್ಲಿ ಮಾತ್ರ. ಸಹಾರಾದಲ್ಲೂ ಮರಳಿಗಿಂತ ಕಲ್ಲು, ಜಲ್ಲಿ ಮತ್ತು ಬಂಡೆಯ ಬಯಲುಗಳೇ ಹೆಚ್ಚು. ಬಿಸಿಲಿನ ಮಾತೂ ಹಾಗೆಯೇ. ಭೂಮಿಯ ಅತಿ ದೊಡ್ಡ ಮರುಭೂಮಿ ಸುಮಾರು 1.4 ಕೋಟಿ ಚದರ ಕಿ.ಮೀ. ವಿಸ್ತಾರದ ಅಂಟಾರ್ಕ್ಟಿಕಾ, ಸುಮಾರು 92 ಲಕ್ಷ ಚದರ ಕಿ.ಮೀ. ಹರಡಿರುವ ಸಹಾರಾಕ್ಕೆ ಮೊದಲ ಸ್ಥಾನ ಸಿಗುವುದು ಬಿಸಿ ಮರುಭೂಮಿಗಳ ಪಟ್ಟಿಯಲ್ಲಿ ಮಾತ್ರ. ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆ ಅಥವಾ ಹಿಮ ಬೀಳುವ ಪ್ರದೇಶವನ್ನು ಮರುಭೂಮಿ ಎಂದು ಕರೆಯುವುದು ವಾಡಿಕೆ. ಬೆಂಗಳೂರಿನ ವಾರ್ಷಿಕ ಮಳೆಯ ಸುಮಾರು ಕಾಲು ಭಾಗ ಇದು.

ಆದರೆ ಬಿದ್ದ ಮಳೆಯ ಅಂಕಿಯೊಂದೇ ಸಾಲದು, ಏಕೆಂದರೆ ಬಿದ್ದ ನೀರನ್ನು ಬಿಸಿಲು ಮತ್ತು ಗಾಳಿ ಎಷ್ಟು ಬೇಗ ಹಿಂದಕ್ಕೆ ಕಸಿದುಕೊಳ್ಳುತ್ತವೆ ಎಂಬುದೂ ಅಷ್ಟೇ ಮುಖ್ಯ. ಜೈಸಲ್ಮೇರ್ ಭಾಗದಲ್ಲಿ ವರ್ಷಕ್ಕೆ 200 ಮಿ.ಮೀ. ಆಸುಪಾಸಿನಲ್ಲಿ ಮಳೆ ಬೀಳುತ್ತದೆ. ಅಲ್ಲಿ ನೀರು ಸದಾ ತುಂಬಿರುವ ತೊಟ್ಟಿಯೊಂದನ್ನು ತೆರೆದಿಟ್ಟರೆ ವರ್ಷವೊಂದರಲ್ಲಿ 1,500 ಮಿ.ಮೀ.ಗೂ ಹೆಚ್ಚು ಆಳದ ನೀರು ಆವಿಯಾಗಿ ಹೋಗುತ್ತದೆ. ಆದಾಯಕ್ಕಿಂತ ವೆಚ್ಚದ ಸಾಧ್ಯತೆ ಹಲವು ಪಟ್ಟು ಹೆಚ್ಚಿರುವ ಇಂಥ ನೆಲವೇ ನಿಜವಾದ ಅರ್ಥದಲ್ಲಿ ಮರುಭೂಮಿ. ಇದರ ಜೊತೆಗೆ ಇನ್ನೊಂದು ಕಷ್ಟವಿದೆ. ಮಳೆ ಕಡಿಮೆ ಎಂಬುದಕ್ಕಿಂತಲೂ ಅದು ಯಾವಾಗ ಬರುತ್ತದೆಂದು ಹೇಳಲಾಗದಿರುವುದು ಜೀವಿಗಳಿಗೆ ದೊಡ್ಡ ಸವಾಲು. ಸರಾಸರಿ 100 ಮಿ.ಮೀ. ಎಂದು ದಾಖಲಾಗಿರುವ ಊರಿನಲ್ಲಿ ಮೂರು ವರ್ಷ ಹನಿಯೂ ಬೀಳದೆ, ನಾಲ್ಕನೆಯ ವರ್ಷದ ಒಂದೇ ರಾತ್ರಿಯಲ್ಲಿ ಹಳ್ಳ ಕೊಚ್ಚಿ ಹರಿಯುವುದು ಸಾಧ್ಯ. ಆದ್ದರಿಂದ ನೀರು ಹೇಗೆ ಬರುತ್ತದೆಯೋ, ಅಂದರೆ ಆಳದ ಅಂತರ್ಜಲವಾಗಿಯೋ, ಅಪರೂಪದ ಬಿರುಮಳೆಯಾಗಿಯೋ, ಮಂಜಾಗಿಯೋ, ಹಿಮವಾಗಿಯೋ, ಅದಕ್ಕೆ ತಕ್ಕಂತೆ ಅಲ್ಲಿನ ಜೀವಿಗಳ ಉಪಾಯವೂ ಬೇರೆಯಾಗುತ್ತದೆ. ಮರುಭೂಮಿಯ ಬಗೆ ಮತ್ತು ಅಲ್ಲಿನ ಬದುಕಿನ ಬಗೆ ಇವೆರಡನ್ನೂ ನಾನು ಇಲ್ಲಿ ಒಟ್ಟಿಗೇ ಹೇಳುತ್ತಿರುವುದು ಈ ಕಾರಣಕ್ಕೆ.

ಇಳಿಯುವ ಗಾಳಿಯ ನೆಲ

ಭೂಪಟದಲ್ಲಿ ಸಹಾರಾ, ಅರೇಬಿಯ, ಥಾರ್ ಮರುಭೂಮಿಗಳನ್ನು ಗುರುತಿಸಿದರೆ ಅವೆಲ್ಲ ಉತ್ತರದ ಕರ್ಕಾಟಕ ಸಂಕ್ರಾಂತಿ ವೃತ್ತದ ಆಸುಪಾಸಿನಲ್ಲಿ ಸಾಲುಗಟ್ಟಿರುವುದು ಕಾಣುತ್ತದೆ. ದಕ್ಷಿಣದ ಮಕರ ಸಂಕ್ರಾಂತಿ ವೃತ್ತದ ಬಳಿ ಆಫ್ರಿಕಾದ ಕಲಹರಿ ಮತ್ತು ಆಸ್ಟ್ರೇಲಿಯಾದ ಒಳನಾಡಿನ ಮರುಭೂಮಿಗಳಿವೆ. ಇದು ಕಾಕತಾಳೀಯವಲ್ಲ. ಸಮಭಾಜಕ ವೃತ್ತದ ಬಳಿ ನೇರ ಬಿಸಿಲಿಗೆ ಕಾದ ಗಾಳಿ ತೇವವನ್ನು ಹೊತ್ತು ಮೇಲೇರುತ್ತದೆ, ಮೇಲೇರಿದಂತೆ ತಣ್ಣಗಾಗಿ ತನ್ನ ನೀರನ್ನೆಲ್ಲ ಅಲ್ಲಿನ ಮಳೆಕಾಡುಗಳ ಮೇಲೆ ಸುರಿಸುತ್ತದೆ. ಹೀಗೆ ಬರಿದಾದ ಗಾಳಿ ಎತ್ತರದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಸಾಗಿ, ಸುಮಾರು 30 ಡಿಗ್ರಿ ಅಕ್ಷಾಂಶದ ಹತ್ತಿರ ಮತ್ತೆ ನೆಲದತ್ತ ಇಳಿಯುತ್ತದೆ. ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. ಬಿಸಿಯಾದ ಗಾಳಿಯಲ್ಲಿ ಮೋಡ ಕಟ್ಟುವುದಿಲ್ಲ. ಮೋಡವಿಲ್ಲದ ಆಕಾಶದಿಂದ ಹಗಲಿನ ಬಿಸಿಲು ಅಡೆತಡೆಯಿಲ್ಲದೆ ನೆಲಕ್ಕೆ ಬಡಿಯುತ್ತದೆ, ರಾತ್ರಿ ಅದೇ ಬಿಸಿ ಅಡೆತಡೆಯಿಲ್ಲದೆ ಆಕಾಶಕ್ಕೆ ಹಿಂದಿರುಗುತ್ತದೆ. ಹಗಲು ಕಾದ ಹೆಂಚಿನಂತಿದ್ದ ಮರಳು ಬೆಳಗಿನ ಜಾವಕ್ಕೆ ಕೊರೆಯುವಂತಾಗುವುದು ಇದರಿಂದಲೇ.

ಬನ್ನಿ ಮರ ಈ ಬಗೆಯ ಮರುಭೂಮಿಯದು. ಥಾರ್‌ನಲ್ಲಿ ಮೇಲ್ಮೈ ಒಣಗಿದ್ದರೂ ಬಹಳ ಆಳದಲ್ಲಿ ತೇವ ಉಳಿದಿರುತ್ತದೆ, ಬನ್ನಿಯ ತಾಯಿಬೇರು ಹತ್ತಾರು ಮೀಟರ್ ಇಳಿದು ಅದನ್ನು ಮುಟ್ಟುತ್ತದೆ. ಈ ಭರವಸೆ ಇರುವುದರಿಂದಲೇ ಉಳಿದ ಗಿಡಗಳೆಲ್ಲ ಒಣಗಿ ನಿಂತ ಬೇಸಿಗೆಯಲ್ಲಿ ಅದು ಹೊಸ ಚಿಗುರು ಬಿಡುತ್ತದೆ. ಪುಟ್ಟ ಕಿರುಎಲೆಗಳು ಗಾಳಿಗೆ ಬೇಗ ಬಿಸಿ ಬಿಟ್ಟುಕೊಡುತ್ತವೆ, ಆದ್ದರಿಂದ ತಣ್ಣಗಿರಲು ಹೆಚ್ಚು ನೀರು ಖರ್ಚು ಮಾಡಬೇಕಾಗಿಲ್ಲ. ಕಷ್ಟಪಟ್ಟು ಗಳಿಸಿದ ಹಸಿರನ್ನು ಆಡು, ಒಂಟೆಗಳ ಬಾಯಿಂದ ಒಂದಿಷ್ಟಾದರೂ ಉಳಿಸಿಕೊಳ್ಳಲು ಮುಳ್ಳಿದೆ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗೊಬ್ಬರವಾಗಿ ಮಾಡಿಕೊಡುವುದರಿಂದ ಅದರ ಬುಡದಲ್ಲಿ ಸಜ್ಜೆಯ ಬೆಳೆ ಹುಲುಸಾಗಿ ಬರುತ್ತದೆ. ಅದರ ಎಳೆಗಾಯಿ ‘ಸಾಂಗ್ರಿ’ ಅಲ್ಲಿನವರ ಪಲ್ಯ. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿ ಗ್ರಾಮದಲ್ಲಿ ಈ ಮರಗಳನ್ನು ಕಡಿಯಲು ಬಂದ ಅರಸನ ಆಳುಗಳನ್ನು ತಡೆಯಲು ಅಮೃತಾ ದೇವಿಯೂ ಸೇರಿ ಬಿಷ್ಣೋಯಿ ಸಮುದಾಯದ 363 ಮಂದಿ ಮರವನ್ನಪ್ಪಿ ಪ್ರಾಣ ಕೊಟ್ಟರು. ಒಂದು ಮರಕ್ಕಾಗಿ ಜನ ಏಕೆ ಜೀವ ಕೊಡುತ್ತಾರೆ ಎಂದು ಕೇಳುವವರಿಗೆ, ಮರುಭೂಮಿಯಲ್ಲಿ ಆಳದ ನೀರನ್ನು ಮೇಲಕ್ಕೆ ತಂದು ಅದನ್ನು ನೆರಳು, ಮೇವು, ಆಹಾರವಾಗಿ ಬದಲಿಸಿಕೊಡುವ ಇನ್ನೊಂದು ಸಾಧನ ಅವರ ಬಳಿ ಇರಲಿಲ್ಲ ಎಂಬುದನ್ನು ನೆನಪಿಸಬೇಕು.

ಎಲ್ಲ ಗಿಡಗಳಿಗೂ ಆಳಕ್ಕಿಳಿಯುವ ಶಕ್ತಿಯಿಲ್ಲ. ನಮ್ಮ ಪಾಳುಭೂಮಿಗಳಲ್ಲೂ ಥಾರ್‌ನಲ್ಲೂ ಬೆಳೆಯುವ ಎಕ್ಕ ತನ್ನ ದಪ್ಪ ಎಲೆಗಳಿಗೆ ಮೇಣ ಮತ್ತು ಬೂದಿಬಣ್ಣದ ನವುರಾದ ತುಪ್ಪಳದ ಹೊದಿಕೆ ಹೊದೆಸುತ್ತದೆ. ಬೆರಳಿನಿಂದ ಉಜ್ಜಿದರೆ ಆ ಬಿಳಿ ಹೊದಿಕೆ ಕೈಗೆ ಹತ್ತಿ, ಕೆಳಗಿನ ಹಸಿರು ಕಾಣುತ್ತದೆ. ಇನ್ನೂ ಕೆಲವು ಗಿಡಗಳು ಬರಗಾಲವನ್ನು ಎದುರಿಸುವ ಗೋಜಿಗೇ ಹೋಗದೆ ಬೀಜವಾಗಿ ಮಲಗಿಬಿಡುತ್ತವೆ. ಇಂಥ ಅಲ್ಪಾಯು ಸಸ್ಯಗಳ ಬೀಜದ ಸಿಪ್ಪೆಯಲ್ಲಿ ಮೊಳಕೆಯನ್ನು ತಡೆಯುವ ರಾಸಾಯನಿಕಗಳಿರುತ್ತವೆ. ನಾಲ್ಕು ಹನಿ ಬಿದ್ದರೆ ಅವು ಕರಗುವುದಿಲ್ಲ. ಗಿಡ ಬೆಳೆದು, ಹೂಬಿಟ್ಟು, ಮತ್ತೆ ಬೀಜ ಕಟ್ಟುವಷ್ಟು ತೇವ ನೆಲದಲ್ಲಿ ಇಂಗುವ ಮಳೆ ಬಂದಾಗ ಮಾತ್ರ ತೊಳೆದು ಹೋಗುತ್ತವೆ. ಅಂದರೆ ಬೀಜದ ಸಿಪ್ಪೆಯೇ ಮಳೆಮಾಪಕ. ಹತ್ತು ವರ್ಷ ಬೋಳಾಗಿದ್ದ ಬಯಲು ವಾರಗಳಲ್ಲಿ ಹೂವಿನ ಹಾಸಾಗುವುದರ ಹಿಂದೆ ಇರುವುದು ಈ ತಾಳ್ಮೆಯ ಲೆಕ್ಕ.

ಪ್ರಾಣಿಗಳಲ್ಲಿ ಒಂಟೆಯ ಬಗ್ಗೆ ನಮ್ಮಲ್ಲಿ ತಪ್ಪು ತಿಳಿವಳಿಕೆ ಬಹಳ. ಅದರ ಡುಬ್ಬದಲ್ಲಿರುವುದು ನೀರಲ್ಲ, ಕೊಬ್ಬು. ಕೊಬ್ಬನ್ನು ಮೈಯೆಲ್ಲ ಹರಡಿಕೊಂಡರೆ ಅದು ಕಂಬಳಿಯಂತೆ ಬಿಸಿಯನ್ನು ಒಳಗೇ ಹಿಡಿದಿಡುತ್ತದೆ, ಒಂದೇ ಕಡೆ ಕೂಡಿಟ್ಟರೆ ಉಳಿದ ಮೈ ಬಿಸಿ ಬಿಟ್ಟುಕೊಡಲು ಅನುಕೂಲ. ಹಾಗಾದರೆ ಒಂಟೆ ನೀರನ್ನು ಉಳಿಸುವುದು ಹೇಗೆ ಎಂಬುದನ್ನು ಮೊದಲು ಕ್ರಮಬದ್ಧವಾಗಿ ಅಳೆದವರು ನಾರ್ವೆ ಮೂಲದ ಶರೀರಕ್ರಿಯಾ ವಿಜ್ಞಾನಿ ಕ್ನೂಟ್ ಶ್ಮಿಟ್-ನೀಲ್ಸನ್. 1953–54ರಲ್ಲಿ ಅವರ ತಂಡ ಅಲ್ಜೀರಿಯಾದ ಸಹಾರಾದ ಬೆನಿ ಅಬ್ಬೆಸ್ ಎಂಬ ಓಯಸಿಸ್‌ನಲ್ಲಿ ಬೀಡುಬಿಟ್ಟು ಒಂಟೆಗಳ ಮೈಬಿಸಿಯನ್ನೂ ಅವು ಕಳೆದುಕೊಳ್ಳುವ ನೀರನ್ನೂ ಅಳೆಯಿತು. ನಮ್ಮ ಮೈಬಿಸಿ ಒಂದು ಡಿಗ್ರಿ ಏರಿದರೂ ನಾವು ಬೆವರುತ್ತೇವೆ. ನೀರು ಸಿಗದ ಒಂಟೆಯ ಮೈಬಿಸಿ ಬೆಳಗಿನ ಜಾವ ಸುಮಾರು 34 ಡಿಗ್ರಿಗೆ ಇಳಿದು, ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಅಲ್ಲಿಯವರೆಗೂ ಅದು ಬೆವರುವುದಿಲ್ಲ ಎಂದೇ ಹೇಳಬಹುದು. ಹಗಲಿನ ಬಿಸಿಯನ್ನು ಮೈಯಲ್ಲೇ ಕೂಡಿಟ್ಟುಕೊಂಡು, ರಾತ್ರಿಯ ತಂಪಿಗೆ ಒಂದು ಹನಿ ನೀರನ್ನೂ ಖರ್ಚು ಮಾಡದೆ ಬಿಟ್ಟುಕೊಡುತ್ತದೆ. 500 ಕಿಲೋ ತೂಕದ ಒಂಟೆಯೊಂದು ಆರು ಡಿಗ್ರಿ ಬಿಸಿಯನ್ನು ಹೀಗೆ ಸಂಜೆಯವರೆಗೆ ಮುಂದೂಡಿದರೆ, ಬೆವರಾಗಿ ಹೋಗಬಹುದಾಗಿದ್ದ ಸುಮಾರು ನಾಲ್ಕೈದು ಲೀಟರ್ ನೀರು ಪ್ರತಿದಿನ ಉಳಿಯುತ್ತದೆ.

ಆ ಪ್ರಯೋಗಗಳಲ್ಲಿ ನನಗೆ ಬಹಳ ಹಿಡಿಸಿದ್ದು ತುಪ್ಪಳದ ಪರೀಕ್ಷೆ. ಬಿಸಿಲಿನ ನಾಡಿನಲ್ಲಿ ದಪ್ಪ ತುಪ್ಪಳ ಹೊರೆಯಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಒಂಟೆಯೊಂದರ ತುಪ್ಪಳವನ್ನು ಕತ್ತರಿಸಿ ನೋಡಿದಾಗ ಅದು ತುಪ್ಪಳವಿದ್ದ ಒಂಟೆಗಿಂತ ಸುಮಾರು ಶೇ 50ರಷ್ಟು ಹೆಚ್ಚು ನೀರನ್ನು ಬೆವರಿನಲ್ಲಿ ಕಳೆದುಕೊಂಡಿತು. ಹುಲ್ಲಿನ ಮಾಡು ಮನೆಯನ್ನು ತಂಪಾಗಿಡುವ ಹಾಗೆಯೇ ತುಪ್ಪಳ ಬಿಸಿಯನ್ನು ಚರ್ಮದಿಂದ ದೂರವಿಡುತ್ತದೆ. ಇಷ್ಟಾದರೂ ನೀರು ಕಡಿಮೆಯಾಗುತ್ತಲೇ ಹೋದಾಗ, ಒಂಟೆ ತನ್ನ ದೇಹತೂಕದ ಕಾಲು ಭಾಗದಷ್ಟು ನೀರನ್ನು ಕಳೆದುಕೊಂಡೂ ಬದುಕಬಲ್ಲದು. ಮನುಷ್ಯ ಅದರ ಅರ್ಧದಷ್ಟು ಕಳೆದುಕೊಳ್ಳುವ ಹೊತ್ತಿಗೆ, ಅಂಥ ಬಿಸಿಲಿನಲ್ಲಿ, ರಕ್ತ ಮಂದವಾಗಿ ಹೃದಯ ಸೋಲುತ್ತದೆ. ನೀರು ಸಿಕ್ಕಾಗ ಒಂಟೆ ಹತ್ತು ಹದಿನೈದು ನಿಮಿಷಗಳಲ್ಲಿ 100 ಲೀಟರ್‌ನಷ್ಟು ಕುಡಿದುಬಿಡುತ್ತದೆ. ಇಷ್ಟು ನೀರು ಒಮ್ಮೆಲೇ ರಕ್ತ ಸೇರಿದರೆ ಬೇರೆ ಸಸ್ತನಿಗಳ ಕೆಂಪು ರಕ್ತಕಣಗಳು ಒಡೆದುಹೋಗುತ್ತವೆ. ಒಂಟೆಯ ಮೊಟ್ಟೆಯಾಕಾರದ ರಕ್ತಕಣಗಳು ಎರಡು ಪಟ್ಟಿಗೂ ಮಿಗಿಲಾಗಿ ಉಬ್ಬಿದರೂ ಒಡೆಯುವುದಿಲ್ಲ.

ಒಂಟೆಯ ದೊಡ್ಡ ಮೈ ಬಿಸಿಯನ್ನು ಕೂಡಿಡುವ ಉಗ್ರಾಣ. ಇಲಿಯಂಥ ಸಣ್ಣ ಪ್ರಾಣಿಗೆ ಅದು ಸಾಧ್ಯವಿಲ್ಲ, ಬಿಸಿಲಿಗೆ ಬಿದ್ದರೆ ಅದರ ಮೈ ನಿಮಿಷಗಳಲ್ಲಿ ಕಾದುಬಿಡುತ್ತದೆ. ಅದಕ್ಕಿರುವ ದಾರಿ ಬಿಲ. ಉತ್ತರ ಅಮೆರಿಕದ ಮರುಭೂಮಿಗಳ ಕಾಂಗರೂ ಇಲಿ ಹಗಲನ್ನೆಲ್ಲ ತೇವಭರಿತ ತಂಪು ಬಿಲದಲ್ಲಿ ಕಳೆದು ರಾತ್ರಿ ಹೊರಬರುತ್ತದೆ, ಒಣ ಬೀಜಗಳನ್ನು ತಿನ್ನುತ್ತದೆ ಮತ್ತು ಜೀವಮಾನದಲ್ಲಿ ಒಮ್ಮೆಯೂ ನೀರು ಕುಡಿಯದೆ ಇರಬಲ್ಲದು. ಅದರ ನೀರು ಬರುವುದು ಆಹಾರ ದೇಹದಲ್ಲಿ ಉರಿಯುವಾಗ: ಒಂದು ಗ್ರಾಂ ಪಿಷ್ಟ ಜೀವಕೋಶಗಳಲ್ಲಿ ಆಮ್ಲಜನಕದೊಂದಿಗೆ ಸೇರಿ ಶಕ್ತಿಯಾಗುವಾಗ ಅರ್ಧ ಗ್ರಾಂಗಿಂತ ತುಸು ಹೆಚ್ಚು ನೀರು ಹುಟ್ಟುತ್ತದೆ. ನಮ್ಮ ದೇಹದಲ್ಲೂ ಇದು ನಡೆಯುತ್ತದೆ, ಆದರೆ ನಮ್ಮ ಉಸಿರು, ಬೆವರು, ಮೂತ್ರಗಳ ವೆಚ್ಚಕ್ಕೆ ಅದು ಯಾತಕ್ಕೂ ಸಾಲದು. ಕಾಂಗರೂ ಇಲಿ ಬೆವರುವುದಿಲ್ಲ. ಅದರ ಮೂತ್ರಪಿಂಡ ನಮ್ಮದಕ್ಕಿಂತ ಹಲವು ಪಟ್ಟು ಗಾಢವಾದ ಮೂತ್ರ ಮಾಡುತ್ತದೆ. ಹೊರಹೋಗುವ ಉಸಿರನ್ನು ಮೂಗಿನ ತಣ್ಣನೆಯ ಒಳಗೋಡೆ ತಂಪುಮಾಡಿ ಅದರಲ್ಲಿದ್ದ ತೇವವನ್ನು ಮತ್ತೆ ಹಿಡಿದಿಟ್ಟುಕೊಳ್ಳುತ್ತದೆ. ವೆಚ್ಚವನ್ನು ಇಷ್ಟು ಇಳಿಸಿಕೊಂಡ ಮೇಲೆ ಆ ಅರ್ಧ ಗ್ರಾಂ ಆದಾಯವೇ ಸಾಕಾಗುತ್ತದೆ.

ಬಿಸಿಲನ್ನು ತಪ್ಪಿಸಿಕೊಳ್ಳುವುದೇ ಎಲ್ಲರ ನಿಯಮವಾಗಿರುವಾಗ ಸಹಾರಾದ ಬೆಳ್ಳಿ ಇರುವೆ ಮಾತ್ರ ನಡುಮಧ್ಯಾಹ್ನಕ್ಕೇ ಕಾಯುತ್ತದೆ. ತನ್ನನ್ನು ತಿನ್ನುವ ಹಲ್ಲಿಗಳು ಬಿಸಿ ತಾಳಲಾರದೆ ಬಿಲ ಸೇರಿದ ಮೇಲೆ ಅದು ಹೊರಬಂದು, ಬಿಸಿಗೆ ಸತ್ತುಬಿದ್ದ ಕೀಟಗಳನ್ನು ಹೆಕ್ಕಿಕೊಂಡು ಕೆಲವೇ ನಿಮಿಷಗಳಲ್ಲಿ ಹಿಂದಿರುಗಬೇಕು, ಏಕೆಂದರೆ ಮೈಬಿಸಿ ಸುಮಾರು 53.6 ಡಿಗ್ರಿ ಮುಟ್ಟಿದರೆ ಅದಕ್ಕೂ ಸಾವೇ. ಅದರ ಮೈಮೇಲಿನ ಬೆಳ್ಳಿಬಣ್ಣದ ಕೂದಲುಗಳ ಅಡ್ಡಕೊಯ್ತ ತ್ರಿಕೋನಾಕಾರದ್ದೆಂದೂ, ಅವು ಬಿಸಿಲನ್ನು ಕನ್ನಡಿಯಂತೆ ಹಿಂದಕ್ಕೆ ಚಿಮ್ಮಿಸುವುದಲ್ಲದೆ ಮೈಯ ಬಿಸಿಯನ್ನು ಹೊರಸೂಸಲೂ ನೆರವಾಗುತ್ತವೆಂದೂ 2015ರಲ್ಲಿ ತಿಳಿದುಬಂತು.

ಕಾಡುಬಸಳೆ ಹೇಳುವ ಗುಟ್ಟು

ಗಿಡಕ್ಕೆ ಬಿಲ ಸೇರುವ ಅವಕಾಶವಿಲ್ಲ. ಅದು ಆಹಾರ ತಯಾರಿಸಬೇಕಾದರೆ ಎಲೆಯ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ಬಿಟ್ಟುಕೊಳ್ಳಬೇಕು. ತೆರೆದ ಬಾಗಿಲಿನಿಂದ ನೀರಾವಿ ಹೊರಹೋಗುತ್ತದೆ. ಬೆಳಕಿಲ್ಲದೆ ಅಡುಗೆಯಿಲ್ಲ, ಬೆಳಕಿದ್ದಾಗ ಬಾಗಿಲು ತೆರೆದರೆ ನೀರುಳಿಯುವುದಿಲ್ಲ. ಮರುಭೂಮಿಯ ಅನೇಕ ಗಿಡಗಳು ಈ ಇಕ್ಕಟ್ಟನ್ನು ಬಿಡಿಸಿಕೊಂಡಿರುವ ರೀತಿಯನ್ನು ನಮ್ಮ ಹಿತ್ತಲಲ್ಲೇ ನೋಡಬಹುದು. ಮೂತ್ರಕೋಶದ ಕಲ್ಲಿಗೆ ಮನೆಮದ್ದೆಂದು ಬೆಳೆಸುವ, ಎಲೆಯಂಚಿನಲ್ಲೇ ಮರಿಗಿಡಗಳು ಮೂಡುವ ಕಾಡುಬಸಳೆಯ ಎಲೆಯ ಒಂದು ಚೂರನ್ನು ಬೆಳಗ್ಗೆ ಸೂರ್ಯ ಮೂಡುವ ಹೊತ್ತಿಗೆ ನಾಲಗೆಯ ಮೇಲಿಟ್ಟರೆ ಹುಣಸೆ ಚಿಗುರಿನಂತೆ ಹುಳಿ. ಅದೇ ಗಿಡದ ಎಲೆ ಮಧ್ಯಾಹ್ನದ ಹೊತ್ತಿಗೆ ಸಪ್ಪೆ. ಇದನ್ನು ಗಮನಿಸಿ ವಿಜ್ಞಾನಲೋಕಕ್ಕೆ ತಿಳಿಸಿದವರು ಬೆಂಜಮಿನ್ ಹೈನ್. ಟಿಪ್ಪು ಸುಲ್ತಾನನ ನಂತರ ಬೆಂಗಳೂರಿನ ಲಾಲ್‌ಬಾಗ್‌ನ ಹೊಣೆ ಹೊತ್ತಿದ್ದ, ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ಸಸ್ಯವಿಜ್ಞಾನಿ. ಲಂಡನ್ನಿನ ಲಿನ್ನಿಯನ್ ಸೊಸೈಟಿ 1815ರಲ್ಲಿ ಪ್ರಕಟಿಸಿದ ಪತ್ರದಲ್ಲಿ ಅವರು ಈ ಗಿಡದ ಎಲೆ ಬೆಳಗ್ಗೆ ಹುಳಿಯಾಗಿದ್ದು, ಹೊತ್ತೇರಿದಂತೆ ರುಚಿ ಕಳೆದುಕೊಂಡು, ಸಂಜೆಗೆ ತುಸು ಕಹಿಯಾಗುವುದನ್ನು ವಿವರಿಸಿದ್ದರು.

ಕಾರಣ ಗೊತ್ತಾಗಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಇಂಥ ಗಿಡಗಳು ಪತ್ರರಂಧ್ರಗಳನ್ನು ತೆರೆಯುವುದು ರಾತ್ರಿಯ ತಂಪಿನಲ್ಲಿ. ಆಗ ಒಳಬಂದ ಇಂಗಾಲವನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಜೀವಕೋಶದ ಒಳಗಿನ ಚೀಲಗಳಲ್ಲಿ ತುಂಬಿಡುತ್ತವೆ. ಬೆಳಗಿನ ಹುಳಿ ಎಂದರೆ ರಾತ್ರಿಯಿಡೀ ಕೂಡಿಟ್ಟ ಆ ದಾಸ್ತಾನು. ಹಗಲು ಬಾಗಿಲುಗಳನ್ನು ಮುಚ್ಚಿ, ಆಮ್ಲವನ್ನು ಒಡೆದು, ಅದರ ಇಂಗಾಲವನ್ನು ಬಿಸಿಲಿನ ಶಕ್ತಿಯಿಂದ ಸಕ್ಕರೆಯಾಗಿಸುತ್ತವೆ. ಸಾಮಾನ್ಯ ಗಿಡವೊಂದು ಒಂದು ಗ್ರಾಂ ಇಂಗಾಲದ ಡೈಆಕ್ಸೈಡ್ ಗಳಿಸಲು 400ರಿಂದ 500 ಗ್ರಾಂ ನೀರು ಕಳೆದುಕೊಂಡರೆ, ಈ ಗಿಡಗಳಿಗೆ 50ರಿಂದ 100 ಗ್ರಾಂ ಸಾಕು. ಆದರೆ ದಾಸ್ತಾನಿನ ಚೀಲಕ್ಕೊಂದು ಮಿತಿಯಿದೆ, ಹಾಗಾಗಿ ಬೆಳವಣಿಗೆ ನಿಧಾನ.

ಎಷ್ಟು ನಿಧಾನ ಎಂಬುದಕ್ಕೆ ಅಮೆರಿಕ ಮತ್ತು ಮೆಕ್ಸಿಕೋಗಳ ಗಡಿಯ ಸೊನೋರಾ ಮರುಭೂಮಿಯ ಸಗ್ವಾರೊ ಕಳ್ಳಿಯೇ ಸಾಕ್ಷಿ. ಮೊದಲ ಎಂಟು ವರ್ಷಗಳಲ್ಲಿ ಅದು ಬೆಳೆಯುವುದು ಹೆಬ್ಬೆರಳಿನ ಗೆಣ್ಣಿನಷ್ಟು, ಅದೂ ಬೇರೊಂದು ಮರದ ನೆರಳಿನಲ್ಲಿ. ಐವತ್ತು ಎಪ್ಪತ್ತು ವರ್ಷಗಳಾದ ಮೇಲೆ ಪಕ್ಕದ ತೋಳುಗಳು ಮೂಡುತ್ತವೆ. 12 ಮೀಟರ್‌ಗೂ ಎತ್ತರ ಬೆಳೆದು 150 ವರ್ಷ ಮೀರಿ ಬದುಕುತ್ತದೆ. ಬನ್ನಿಗೆ ತದ್ವಿರುದ್ಧವಾಗಿ ಇದರ ಬೇರುಗಳು ನೆಲದ ಮೇಲ್ಪದರದಲ್ಲೇ ತನ್ನ ಎತ್ತರದಷ್ಟು ದೂರ ಹರಡಿವೆ. ಸೊನೋರಾದಲ್ಲಿ ಬೇಸಿಗೆಯಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ ಮಳೆ ಬರುತ್ತದೆ, ಬಿದ್ದ ನೀರು ಆಳಕ್ಕಿಳಿಯುವ ಮುನ್ನ ಹಿಡಿದುಕೊಳ್ಳುವುದೇ ಅಲ್ಲಿ ಜಾಣತನ. ಕಾಂಡದ ಉದ್ದಕ್ಕೂ ಸೀರೆಯ ನೆರಿಗೆಯಂತಿರುವ ಮಡಿಕೆಗಳು ಮಳೆಯ ನಂತರ ಬಿಚ್ಚಿಕೊಂಡು ನೂರಾರು ಲೀಟರ್ ನೀರಿಗೆ ಜಾಗ ಮಾಡಿಕೊಡುತ್ತವೆ, ಬರ ಬಂದಂತೆ ಮತ್ತೆ ಕೂಡಿಕೊಳ್ಳುತ್ತವೆ. ಎಲೆ ಮುಳ್ಳಾಗಿದೆ, ಆಹಾರ ಮಾಡುವ ಕೆಲಸ ಹಸಿರು ಕಾಂಡದ್ದು. ಅದೇ ಮರುಭೂಮಿಯ ಕೌಚ್ ಸ್ಪೇಡ್‌ಫುಟ್ ಎಂಬ ಕಪ್ಪೆ ವರ್ಷದ ಬಹುಭಾಗವನ್ನು ಮಣ್ಣಿನಡಿ ಕಳೆದು, ಬೇಸಿಗೆಯ ಮಳೆಯ ಸದ್ದಿಗೆ ಮೇಲೆದ್ದು, ಆ ರಾತ್ರಿಯೇ ನೀರುಗುಂಡಿಯಲ್ಲಿ ಮೊಟ್ಟೆಯಿಡುತ್ತದೆ. ಗುಂಡಿ ಬತ್ತುವ ಮುನ್ನ ಗೊದಮೊಟ್ಟೆ ಕಪ್ಪೆಯಾಗಬೇಕು. ಎಂಟೊಂಬತ್ತು ದಿನಗಳಲ್ಲಿ ಅದು ಆಗುವುದೂ ಉಂಟು.

ಇಲ್ಲಿ ಕಳ್ಳಿ ಎಂಬ ಮಾತಿನ ಬಗ್ಗೆ ಒಂದು ಸಂಗತಿ ಹೇಳಿಬಿಡುತ್ತೇನೆ. ನಾವು ಬೇಲಿಯ ಚದುರಗಳ್ಳಿಯನ್ನೂ ಪಾಪಾಸುಕಳ್ಳಿಯನ್ನೂ ಒಂದೇ ಹೆಸರಿನಿಂದ ಕರೆಯುತ್ತೇವೆ, ಆದರೆ ಅವು ದಾಯಾದಿಗಳೂ ಅಲ್ಲ. ಚದುರಗಳ್ಳಿಯನ್ನು ಮುರಿದರೆ ಬಿಳಿ ಹಾಲು ಸುರಿಯುತ್ತದೆ. ಅದು ನಮ್ಮ ನೆಲದ್ದು, ಹರಳಿನ ಕುಟುಂಬಕ್ಕೆ ಸೇರಿದ್ದು. ಅಮೆರಿಕ ಖಂಡಗಳಿಂದ ಬಂದ ಪಾಪಾಸುಕಳ್ಳಿಯನ್ನು ಮುರಿದರೆ ಸಿಗುವುದು ನೀರಿನಂಥ ಲೋಳೆ. ಸಾಗರಗಳ ಎರಡು ದಡಗಳಲ್ಲಿ ಬೇರೆ ಬೇರೆ ವಂಶದ ಗಿಡಗಳು ಒಂದೇ ಬಗೆಯ ಬರಕ್ಕೆ ಒಂದೇ ಬಗೆಯ ಮೈ ಕಟ್ಟಿಕೊಂಡಿವೆ. ರೂಪ ನೋಡಿ ನಂಟು ಹೇಳಲಾಗದು ಎಂಬುದಕ್ಕೆ ಜೀವವಿಜ್ಞಾನಿಗಳು ಇದಕ್ಕಿಂತ ಸೊಗಸಾದ ಉದಾಹರಣೆಯನ್ನು ಕೊಡಲಾರರು.

ಕಡಲ ದಡದ ಬಾಯಾರಿಕೆ

ಸಮುದ್ರದ ಪಕ್ಕದಲ್ಲೇ ಮರುಭೂಮಿ ಇರುವುದು ಮೊದಲ ನೋಟಕ್ಕೆ ವಿಚಿತ್ರ. ಅರಬ್ಬಿ ಸಮುದ್ರದ ಪಕ್ಕದ ನಮ್ಮ ಕರಾವಳಿ ಮಳೆಯಲ್ಲಿ ಮುಳುಗೇಳುತ್ತಿರುವಾಗ, ಅಟ್ಲಾಂಟಿಕ್ ದಡದ ನಮೀಬಿಯದಲ್ಲಿಯೂ ಪೆಸಿಫಿಕ್ ದಡದ ಉತ್ತರ ಚಿಲಿಯಲ್ಲಿಯೂ ಭೂಮಿಯ ಅತಿ ಒಣ ನೆಲಗಳಿವೆ. ಕಾರಣ, ಆ ದಡಗಳನ್ನು ಸವರಿಕೊಂಡು ದಕ್ಷಿಣದಿಂದ ಹರಿಯುವ ತಣ್ಣನೆಯ ಸಾಗರ ಪ್ರವಾಹಗಳು: ಒಂದೆಡೆ ಬೆಂಗ್ವೆಲಾ, ಇನ್ನೊಂದೆಡೆ ಹಂಬೋಲ್ಟ್. ತಣ್ಣೀರಿನ ಮೇಲಿನ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ, ಅದರ ಮೇಲೆ ಬಿಸಿ ಗಾಳಿ ಮುಚ್ಚಳದಂತೆ ಕುಳಿತಿರುತ್ತದೆ. ತೇವವಿದ್ದರೂ ಗಾಳಿ ಮೇಲೇರದು, ಮೇಲೇರದೆ ಮಳೆಯಿಲ್ಲ. ಆ ತೇವ ಮಂಜಾಗಿ ಮಾತ್ರ ನೆಲದ ಮೇಲೆ ತೆವಳಿ ಬರುತ್ತದೆ. ಅಟಕಾಮಾ ಮರುಭೂಮಿಯ ಅಂಚಿನ ಅರಿಕಾ ಪಟ್ಟಣದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹದಿನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಮಳೆಯೇ ಬೀಳಲಿಲ್ಲ.

ನಮೀಬ್ ಮರುಭೂಮಿಯ ಮಂಜಿನ ರಾತ್ರಿಗಳಲ್ಲಿ, ಬೆಳಕು ಹರಿಯುವ ಮುನ್ನ, ಬೆರಳುಗುರಿನಷ್ಟು ದೊಡ್ಡ ಕಪ್ಪು ಜೀರುಂಡೆಯೊಂದು ಮರಳೊಳಗಿನಿಂದ ಎದ್ದು ದಿಬ್ಬದ ನೆತ್ತಿಗೆ ಏರುತ್ತದೆ. ಅಲ್ಲಿ ಮಂಜು ಬರುವ ದಿಕ್ಕಿಗೆ ಎದುರಾಗಿ ನಿಂತು, ಹಿಂಗಾಲುಗಳನ್ನು ಚಾಚಿ, ತಲೆಯನ್ನು ಕೆಳಗೆ ಮಾಡಿ ಬೆನ್ನನ್ನು ಗಾಳಿಗೊಡ್ಡುತ್ತದೆ. ಮಂಜಿನ ಕಣಗಳು ಬೆನ್ನಿಗೆ ಅಂಟಿ ಕೂಡಿಕೊಳ್ಳುತ್ತವೆ, ಹನಿ ಭಾರವಾದಾಗ ಜಾರಿ ನೇರವಾಗಿ ಬಾಯಿಗೆ ಬರುತ್ತದೆ. ನಮೀಬಿಯದ ಗೊಬಾಬೆಬ್ ಸಂಶೋಧನಾ ಕೇಂದ್ರದಲ್ಲಿ ದಶಕಗಳ ಕಾಲ ದುಡಿದ ಮೇರಿ ಸೀಲಿ ಮತ್ತು ವಿಲಿಯಂ ಹ್ಯಾಮಿಲ್ಟನ್ 1976ರಲ್ಲಿ ಇದನ್ನು ವರದಿ ಮಾಡಿದರು. ಒಂದೇ ಬೆಳಗ್ಗೆ ತನ್ನ ದೇಹತೂಕದ ಮೂರನೇ ಒಂದರಷ್ಟು ನೀರು ಕುಡಿದ ಜೀರುಂಡೆಯೂ ಅವರಿಗೆ ಸಿಕ್ಕಿತ್ತು. ಅದೇ ಮರುಭೂಮಿಯಲ್ಲಿ ಬೆಳೆಯುವ ವೆಲ್ವಿಚಿಯಾ ಎಂಬ ಗಿಡಕ್ಕೆ ಜೀವಮಾನವಿಡೀ ಎರಡೇ ಎಲೆ. ಅವು ಬುಡದಿಂದ ಬೆಳೆಯುತ್ತಲೇ ಇರುತ್ತವೆ, ತುದಿಗಳು ಗಾಳಿಗೆ ಸೀಳಿ ಹರಿದ ಚಿಂದಿಯಂತೆ ಸುತ್ತ ಹರಡುತ್ತವೆ. ಕೆಲವು ಗಿಡಗಳಿಗೆ ಸಾವಿರ ವರ್ಷ ಮೀರಿದೆ. ಅಟಕಾಮಾದಲ್ಲಿ ಟಿಲ್ಯಾಂಡ್ಸಿಯಾ ಎಂಬ ಗಿಡಗಳು ನೆಲಕ್ಕೆ ಬೇರಿಳಿಸದೆ ಮರಳಿನ ಮೇಲೆ ಸುಮ್ಮನೆ ಕುಳಿತು, ಎಲೆಯ ಮೇಲಿನ ಶಲ್ಕಗಳಿಂದ ಮಂಜನ್ನು ಹೀರುತ್ತವೆ. ಚಿಲಿಯ ಚುಂಗುಂಗೊ ಎಂಬ ಮೀನುಗಾರರ ಹಳ್ಳಿಗೆ 1990ರ ದಶಕದಲ್ಲಿ ಕುಡಿಯುವ ನೀರು ಬಂದದ್ದು ಗುಡ್ಡದ ಮೇಲೆ ಕಟ್ಟಿದ ದೊಡ್ಡ ಬಲೆಗಳಿಗೆ ತಾಗಿದ ಮಂಜಿನಿಂದ.

ಪರ್ವತದ ಹಿಂದೆ, ಹಿಮದ ನಡುವೆ

ಮಳೆನೆರಳಿನ ಮರುಭೂಮಿಯನ್ನು ಕನ್ನಡಿಗರಿಗೆ ವಿವರಿಸುವುದು ಸುಲಭ. ಪಶ್ಚಿಮಘಟ್ಟದ ನೆತ್ತಿಯ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿದರೆ, ಘಟ್ಟ ದಾಟಿ ಪೂರ್ವಕ್ಕೆ ಹೋದಾಗ ಸಿಗುವ ಚಳ್ಳಕೆರೆಯಲ್ಲಿ 500 ಮಿ.ಮೀ. ಆಸುಪಾಸು. ಬೆಟ್ಟ ಹತ್ತುವಾಗ ನೀರು ಕಳೆದುಕೊಂಡ ಗಾಳಿ ಆಚೆ ಬದಿಯಲ್ಲಿ ಇಳಿಯುವಾಗ ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಷ್ಟು ಬಿಸಿಯಾಗುತ್ತಾ ನೆಲದ ತೇವವನ್ನೂ ಹೀರುತ್ತದೆ. ನಮ್ಮ ಬಯಲುಸೀಮೆ ಮರುಭೂಮಿಯಲ್ಲ. ಘಟ್ಟದ ಜಾಗದಲ್ಲಿ ಹಿಮಾಲಯವನ್ನಿಟ್ಟರೆ ಅದರ ಹಿಂದಿನ ನೆಲ ಮರುಭೂಮಿಯೇ ಆಗುತ್ತದೆ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ವರ್ಷಕ್ಕೆ ಬೀಳುವುದು 100 ಮಿ.ಮೀ. ಆಸುಪಾಸಿನ ಮಳೆ ಮತ್ತು ಹಿಮ. ಅರ್ಜೆಂಟೀನಾದ ಪಟಗೋನಿಯಾ ಆಂಡಿಸ್ ಪರ್ವತಗಳ ಹಿಂದೆ ಹೀಗೆಯೇ ಒಣಗಿದೆ. ಮಂಗೋಲಿಯ ಮತ್ತು ಚೀನಾಗಳಲ್ಲಿ ಹರಡಿರುವ ಗೋಬಿಗೆ ಮಳೆನೆರಳಿನ ಜೊತೆಗೆ ಯಾವ ಸಮುದ್ರವೂ ಹತ್ತಿರವಿಲ್ಲದ ಕೊರತೆಯೂ ಸೇರಿ, ಅಲ್ಲಿ ಬೇಸಿಗೆಯ ಬಿಸಿ 40 ಡಿಗ್ರಿಗೆ ಏರಿದರೆ ಚಳಿಗಾಲದಲ್ಲಿ ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿಳಿಯುವುದುಂಟು.

ಶೀತ ಮರುಭೂಮಿಯ ಗಿಡಕ್ಕೆ ಒಣಹವೆಯ ಜೊತೆಗೆ ಗಾಳಿಯೂ ಶತ್ರು. ಲಡಾಖ್‌ನ ಎತ್ತರದ ಇಳಿಜಾರುಗಳಲ್ಲಿ ಕೆಲವು ಗಿಡಗಳು ಮೇಲಕ್ಕೆ ಬೆಳೆಯದೆ, ಸಾವಿರಾರು ಪುಟ್ಟ ರೆಂಬೆಗಳನ್ನು ಒತ್ತೊತ್ತಾಗಿ ಜೋಡಿಸಿ, ಕಲ್ಲಿನಂತೆ ಗಟ್ಟಿಯಾದ ಹಸಿರು ದಿಂಬಾಗಿ ನೆಲಕ್ಕಂಟಿ ಕೂರುತ್ತವೆ. ದಿಂಬಿನೊಳಗೆ ಗಾಳಿ ನುಗ್ಗದು. ಒಳಗಿನ ಬಿಸಿ ಮತ್ತು ತೇವ ಹೊರಗಿಗಿಂತ ಹೆಚ್ಚು. ಗೋಬಿಯಲ್ಲಿ ಎರಡು ಡುಬ್ಬದ ಕಾಡು ಒಂಟೆಗಳು ಚಳಿಗಾಲದಲ್ಲಿ ಹಿಮ ತಿಂದು ಬಾಯಾರಿಕೆ ತೀರಿಸಿಕೊಳ್ಳುತ್ತವೆ, ಬೇರೆ ಪ್ರಾಣಿಗಳು ಮೂಸಿಯೂ ನೋಡದ ಉಪ್ಪುನೀರನ್ನು ಕುಡಿಯುತ್ತವೆ. ಈಗ ಉಳಿದಿರುವುದು ಸಾವಿರದಷ್ಟು ಮಾತ್ರ. ಲಡಾಖ್‌ನ ನುಬ್ರಾ ಕಣಿವೆಯಲ್ಲಿ ಪ್ರವಾಸಿಗರನ್ನು ಹೊರುವ ಜೋಡಿ ಡುಬ್ಬದ ಒಂಟೆಗಳು ಸಾಕಿದ ತಳಿಯವು, ಮಧ್ಯ ಏಷ್ಯಾದ ವ್ಯಾಪಾರದ ಕಾಲದಲ್ಲಿ ಬಂದವುಗಳ ಸಂತತಿ.

ಇನ್ನು ಅಂಟಾರ್ಕ್ಟಿಕಾ. ಅಲ್ಲಿ ನೀರಿಗೆ ಬರವಿಲ್ಲ, ಆದರೆ ಬಹುಪಾಲು ನೀರು ಮಂಜುಗಡ್ಡೆಯಾಗಿದೆ. ಜೀವಕೋಶದ ಪಾಲಿಗೆ ಹೆಪ್ಪುಗಟ್ಟಿದ ನೀರು ಇಲ್ಲದ ನೀರೇ ಸರಿ. ರಾಬರ್ಟ್ ಸ್ಕಾಟ್ ತಂಡ 1903ರಲ್ಲಿ ಕಂಡ ಮೆಕ್‌ಮರ್ಡೊ ಒಣ ಕಣಿವೆಗಳಲ್ಲಿ ಹಿಮವೂ ನಿಲ್ಲುವುದಿಲ್ಲ, ಎತ್ತರದ ಹಿಮಬಯಲಿನಿಂದ ಧುಮುಕುವ ಒಣಗಾಳಿ ಅದನ್ನು ಗುಡಿಸಿಬಿಡುತ್ತದೆ. ಬರಿಗಣ್ಣಿಗೆ ಅಲ್ಲಿ ಜೀವದ ಸುಳಿವಿಲ್ಲ. 1970ರ ದಶಕದಲ್ಲಿ ಇಮ್ರೆ ಫ್ರೀಡ್‌ಮನ್ ಅಲ್ಲಿನ ಮರಳುಗಲ್ಲುಗಳನ್ನು ಒಡೆದು ನೋಡಿದಾಗ, ಮೇಲ್ಮೈಯಿಂದ ಕೆಲವೇ ಮಿಲಿಮೀಟರ್ ಒಳಗೆ ಪಾಚಿ, ಶಿಲೀಂಧ್ರಗಳ ಬಣ್ಣದ ಪಟ್ಟಿಗಳು ಸಿಕ್ಕವು. ಕಲ್ಲಿನ ಕಣಗಳ ನಡುವೆ ತೂರಿಬರುವ ಮಂದ ಬೆಳಕು ಮತ್ತು ಕರಗಿದ ಹಿಮದ ತೇವ ಅವುಗಳಿಗೆ ಸಾಕಾಗುತ್ತದೆ. ಅಲ್ಲಿನ ಮಣ್ಣಿನ ಸೂಕ್ಷ್ಮ ದುಂಡುಹುಳುಗಳು ಇನ್ನೂ ಮುಂದೆ ಹೋಗಿವೆ: ಮಣ್ಣು ಒಣಗಿದಾಗ ಸುರುಳಿ ಸುತ್ತಿಕೊಂಡು, ಮೈಯ ನೀರನ್ನು ಬಹುತೇಕ ಪೂರ್ತಿ ಬಿಟ್ಟುಕೊಟ್ಟು, ಉಸಿರೂ ಇಲ್ಲದಂತೆ ಬಿದ್ದಿರುತ್ತವೆ. ತೇವ ಬಂದಾಗ ಮತ್ತೆ ಹರಿದಾಡುತ್ತವೆ.

ಈ ಉಪಾಯಗಳೆಲ್ಲ ಲಕ್ಷಾಂತರ ವರ್ಷಗಳಲ್ಲಿ ರೂಪುಗೊಂಡವು, ಅಂದಿನ ಬಿಸಿ ಮತ್ತು ಅಂದಿನ ತೇವಕ್ಕೆ ಸರಿಹೊಂದುವಂತೆ. ಈಗ ಬಿಸಿ ಏರುತ್ತಿರುವಾಗ ಯಾರ ಲೆಕ್ಕ ತಪ್ಪುತ್ತದೆ, ಯಾರದು ನಿಲ್ಲುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಿಂದ ಒಂದು ಉತ್ತರ ಸಿಕ್ಕಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜೋಸೆಫ್ ಗ್ರಿನ್ನೆಲ್ ಮತ್ತು ಸಂಗಡಿಗರು ಅಲ್ಲಿನ ಹಕ್ಕಿಗಳನ್ನೂ ಸಣ್ಣ ಸಸ್ತನಿಗಳನ್ನೂ ಜಾಗ ಜಾಗದಲ್ಲಿ ಎಣಿಸಿ ಬರೆದಿಟ್ಟಿದ್ದರು. ಸುಮಾರು ಒಂದು ಶತಮಾನದ ನಂತರ ಅದೇ ಜಾಗಗಳಿಗೆ ಮತ್ತೆ ಹೋದ ಸಂಶೋಧಕರು 2018ರಲ್ಲಿ ಪ್ರಕಟಿಸಿದಂತೆ, ಮರುಪರಿಶೀಲಿಸಿದ 61 ತಾಣಗಳಲ್ಲಿ ಹಕ್ಕಿಗಳ ಪ್ರಭೇದಗಳು ಸರಾಸರಿ ಶೇ 43ರಷ್ಟು ಕಡಿಮೆಯಾಗಿದ್ದವು. 2021ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನದಲ್ಲಿ ಇಲಿ, ಅಳಿಲುಗಳಂಥ ಸಣ್ಣ ಸಸ್ತನಿಗಳ ನೆಲೆಗಳಲ್ಲಿ ಅಂಥ ಕುಸಿತ ಕಂಡುಬರಲಿಲ್ಲ. ಹಕ್ಕಿ ಹಗಲಿನಲ್ಲಿ ಬಯಲಲ್ಲಿರುತ್ತದೆ, ತಣ್ಣಗಿರಲು ಅದು ಬಾಯ್ತೆರೆದು ಏದುಸಿರು ಬಿಡುತ್ತಾ ನೀರನ್ನು ಆವಿಯಾಗಿಸಬೇಕು, ಬಿಸಿ ಹೆಚ್ಚಿದಷ್ಟೂ ಆ ವೆಚ್ಚ ಹೆಚ್ಚು. ಕಾಂಗರೂ ಇಲಿ ಆ ಹೊತ್ತಿನಲ್ಲಿ ತಂಪಾದ ಬಿಲದೊಳಗೆ ಮಲಗಿರುತ್ತದೆ.